ಹಳಿಗಳ ನಡುವೆ ಉಳಿದ ಕಲ್ಯಾಣ

ರೈಲಿನ ಹುಚ್ಚು ಹಿಡಿದವರ ಮುಂದೆ ‘ಕಲ್ಯಾಣ’ ಎಂದು ಹೇಳಿ ನೋಡಿ. ಅವರ ಕಣ್ಣ ಮುಂದೆ ಬರುವುದು ಬಸವಣ್ಣನವರ ಕಲ್ಯಾಣವಲ್ಲ, ಮುಂಬೈ ಪಕ್ಕದ ಕಲ್ಯಾಣ ಜಂಕ್ಷನ್. ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷವೇ ಹಳಿ ಆ ಕಲ್ಯಾಣವನ್ನು ಮುಟ್ಟಿತು. ಅಲ್ಲಿಂದ ಒಂದು ಕವಲು ಬೋರ್ ಘಾಟ್ ಹತ್ತಿ, ಪುಣೆ, ಸೊಲ್ಲಾಪುರಗಳನ್ನು ದಾಟಿ, ಕಲಬುರಗಿಯ ಮೇಲೆ ರಾಯಚೂರಿಗೆ ಬಂದು 1871ರಲ್ಲಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡಿತು. ಹೀಗೆ ಆ ಕಲ್ಯಾಣದಿಂದ ಹೊರಟ ಹಳಿ ಈ ಕಲ್ಯಾಣವನ್ನು ನೋಡದೆಯೇ ಮುಂದೆ ಹೋಯಿತು. ಕಲಬುರಗಿಗೂ ಬಸವಕಲ್ಯಾಣಕ್ಕೂ ನೇರ ಗೆರೆಯಲ್ಲಿ ಅಳೆದರೂ ಅರವತ್ತು ಕಿ.ಮೀ. ಅಂತರ.

ಒಂದೂವರೆ ಶತಮಾನ ಕಳೆದರೂ ಆ ಅಂತರ ಪೂರ್ತಿ ತುಂಬಿಲ್ಲ. ಹುಮನಾಬಾದಿಗೆ ರೈಲು ಬಂದಿದೆ, ಬಸವಕಲ್ಯಾಣಕ್ಕೆ ಬಂದಿಲ್ಲ. ಈ ಹಳೆಯ ಸಂಗತಿಯನ್ನು ಹೊಸದಾಗಿ ಕೆದಕಲು ಈಗ ಒಂದು ವಿಚಿತ್ರ ದಾರಿ ಇದೆ. ಅದು ಕಂಪ್ಯೂಟರ್ ಆಟ.

‘ಟ್ರೇನ್ ಸಿಮ್ಯುಲೇಟರ್’ ಎಂದು ಕರೆಯುವ ಈ ಆಟದಲ್ಲಿ ಗುಂಡು ಹಾರಿಸುವುದಿಲ್ಲ, ಯಾರೂ ಸಾಯುವುದಿಲ್ಲ. ಆಡುವವನು ಎಂಜಿನ್ ಚಾಲಕನ ಜಾಗದಲ್ಲಿ ಕೂರುತ್ತಾನೆ. ಸಿಗ್ನಲ್ ನೋಡಬೇಕು, ಏರಿನಲ್ಲಿ ಉಗಿ ಕಡಿಮೆಯಾಗದಂತೆ ಎಚ್ಚರ ವಹಿಸಬೇಕು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಬೇಕು, ಹೊತ್ತಿಗೆ ಸರಿಯಾಗಿ ನಿಲ್ದಾಣ ಮುಟ್ಟಬೇಕು. ನೂರು ಕಿ.ಮೀ. ದಾರಿಗೆ ನಿಜವಾದ ಗಾಡಿಗೆ ಎರಡು ತಾಸು ಹಿಡಿದರೆ ಆಟದಲ್ಲೂ ಎರಡು ತಾಸು. ಅದರಲ್ಲಿ ಏನು ಸುಖ ಎಂದು ಕೇಳುವವರು ಕೇಳುತ್ತಾರೆ. ಆಡುವವರು ಊಟ ಬಿಟ್ಟು ಆಡುತ್ತಾರೆ. ಮೈಕ್ರೋಸಾಫ್ಟ್ ಕಂಪನಿ 2001ರಲ್ಲಿ ಹೊರತಂದ ಇಂಥ ಆಟದಲ್ಲಿ ಆರು ಮಾರ್ಗಗಳಿದ್ದವು. ಎರಡು ಅಮೆರಿಕದವು, ಎರಡು ಜಪಾನಿನವು, ಇಂಗ್ಲೆಂಡಿನದೊಂದು, ಆಸ್ಟ್ರಿಯಾದ್ದೊಂದು. ಭಾರತದ ಒಂದು ಮಾರ್ಗವೂ ಇರಲಿಲ್ಲ. ಆದರೆ ಹೊಸ ಮಾರ್ಗವನ್ನು ಆಡುವವರೇ ಕಟ್ಟಿಕೊಳ್ಳುವ ಸಲಕರಣೆಯನ್ನೂ ಆಟದ ಜೊತೆಗೇ ಕೊಟ್ಟಿದ್ದರು. ನಮ್ಮ ಹುಡುಗರು ಅದನ್ನು ಹಿಡಿದು ಊರ ಹಳಿ, ಊರ ಎಂಜಿನ್, ಊರ ನಿಲ್ದಾಣಗಳನ್ನು ಒಂದೊಂದಾಗಿ ಸೇರಿಸುತ್ತ ಬಂದರು. ಭಾರತದ ರೈಲುಗಳನ್ನೇ ಆಧರಿಸಿದ ಮೊಬೈಲ್ ಆಟಗಳೂ ಆಮೇಲೆ ಬಂದವು.

ಈಗ ಬಸವಕಲ್ಯಾಣದ ಅಥವಾ ಹುಮನಾಬಾದಿನ ಕಾಲೇಜು ಹುಡುಗನೊಬ್ಬ ತನ್ನ ಸೀಮೆಯ ಹಳೆಯ ರೈಲು ಜಾಲವನ್ನು ಇಂಥ ಆಟಕ್ಕೆ ತರಬೇಕೆಂದು ಹಂಚಿಕೆ ಹಾಕಿದನೆಂದುಕೊಳ್ಳಿ. ನೆಲದ ಏರುತಗ್ಗು ಅವನಿಗೆ ಸುಲಭವಾಗಿ ಸಿಗುತ್ತದೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ‘ಎಂಡೆವರ್’ ಗಗನನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರ್‌ನಿಂದ ಬೆಟ್ಟ ಕಣಿವೆಗಳ ಎತ್ತರ ಅಳೆಯಿತು, ಆ ಲೆಕ್ಕ ಪುಕ್ಕಟೆ ದೊರೆಯುತ್ತದೆ. ಅಮೆರಿಕದ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿಸಿದ, ಇಂಚಿಗೆ ಸುಮಾರು ನಾಲ್ಕು ಮೈಲಿ ಅಳತೆಯ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ತೆರೆದಿಟ್ಟಿದೆ. ಹಾಗೆ ನೋಡಿದರೆ ಈ ನೆಲವನ್ನು ಅಳೆಯುವ ಕೆಲಸ ಬಹಳ ಮೊದಲೇ ಆಗಿತ್ತು. ದೇಶವನ್ನೇ ಅಳೆಯಲು ಹೊರಟಿದ್ದ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರ್ ಬಳಿ ತನ್ನ ಆಧಾರರೇಖೆಗಳಲ್ಲೊಂದನ್ನು ಹಿಡಿದಿದ್ದ. ಅಳತೆಯಾದ ಮೇಲೆ ಬೀದರಿಗೆ ಹಳಿ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು, ಅಷ್ಟೇ.

ನೆಲ ಸಿಕ್ಕಿತು. ಹಳಿ ಎಲ್ಲೆಲ್ಲಿ ಹಾಕಬೇಕು? ಅವನ ನಿಜವಾದ ತೊಡಕು ಇಲ್ಲಿ ಶುರುವಾಗುತ್ತದೆ.

ಮೂರು ಒಡೆಯರ ಹಳಿ

ಹಳೆಯ ಜಾಲವೆಂದ ಮೇಲೆ ಮೊದಲು ಒಂದು ವರ್ಷವನ್ನು ಗೊತ್ತುಮಾಡಿಕೊಳ್ಳಬೇಕು. 1938 ಎಂದಿಟ್ಟುಕೊಳ್ಳೋಣ. ಆ ಹೊತ್ತಿಗೆ ಈ ಸೀಮೆಯ ಸುತ್ತ ಹಾಕಬೇಕಾದ ಹಳಿಗಳೆಲ್ಲ ಬಿದ್ದಿದ್ದವು, ಹಳೆಯ ಒಡೆಯರೂ ಇನ್ನೂ ಇದ್ದರು.

ದಕ್ಷಿಣಕ್ಕೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಹಳಬರ ಬಾಯಲ್ಲಿ ಅದು ‘ಜಿಐಪಿ’. ಸೊಲ್ಲಾಪುರಕ್ಕೆ ಅದು ಬಂದದ್ದು 1860ರಲ್ಲಿ. ಮುಂದೆ ಅಕ್ಕಲಕೋಟೆ ರೋಡ್, ದುಧನಿ, ಗಾಣಗಾಪುರ ರೋಡ್, ಕಲಬುರಗಿ, ಶಹಾಬಾದ್, ವಾಡಿ ದಾಟಿ ರಾಯಚೂರು. ಈ ಕಂಪನಿಗೆ ಬೇಕಾಗಿದ್ದದ್ದು ಮುಂಬೈಯನ್ನು ಮದ್ರಾಸಿಗೆ ಕೂಡಿಸುವುದು. ನಡುವೆ ಯಾವ ಊರು ಸಿಗುತ್ತದೆ, ಯಾವುದು ಬಿಡುತ್ತದೆ ಎಂಬುದು ಅದಕ್ಕೆ ದೊಡ್ಡ ವಿಷಯವಾಗಿರಲಿಲ್ಲ. ಹೀಗೆ ಹಾದಿಯಲ್ಲಿ ಸಿಕ್ಕ ಅದೃಷ್ಟ ಶಹಾಬಾದಿನದು. ಅಲ್ಲಿಯ ಹಾಸುಗಲ್ಲು ರೈಲು ಹತ್ತಿ ಊರೂರಿನ ಮನೆಗಳ ನೆಲವಾಯಿತು, ಊರಿನ ಹೆಸರೇ ಕಲ್ಲಿನ ಹೆಸರಾಯಿತು.

ಪೂರ್ವಕ್ಕೆ ನಿಜಾಮರ ಹಳಿ. ಜಿಐಪಿಯ ವಾಡಿ ನಿಲ್ದಾಣದಿಂದ ಸಿಕಂದರಾಬಾದಿಗೆ 1874ರಲ್ಲಿ ಮಾರ್ಗ ತೆರೆಯಿತು. ದಿವಾನ ಒಂದನೆಯ ಸಾಲಾರ್ ಜಂಗ್ ಕಾಲದ್ದು, ಹಣ ಹೈದರಾಬಾದ್ ಸಂಸ್ಥಾನದ್ದು. ಸಾಲಾರ್ ಜಂಗ್ 1883ರ ಫೆಬ್ರವರಿಯಲ್ಲಿ ತೀರಿಕೊಂಡ. ಅದೇ ವರ್ಷ ರೈಲ್ವೆಯನ್ನು ಲಂಡನ್ನಿನ ಬಂಡವಾಳಗಾರರಿಗೆ ಒಪ್ಪಿಸುವ ಏರ್ಪಾಟು ನಡೆಯಿತು. ‘ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’ ಎಂದು ಹೆಸರು. ಇಲ್ಲಿಯ ಗ್ಯಾರಂಟಿ ಇಂದಿನ ಚುನಾವಣೆಯ ಗ್ಯಾರಂಟಿಯಲ್ಲ, ಜನರಿಗೆ ಕೊಟ್ಟದ್ದೂ ಅಲ್ಲ. ಕಂಪನಿಗೆ ಲಾಭವಾಗಲಿ ಬಿಡಲಿ, ಹಣ ಹೂಡಿದವರಿಗೆ ಶೇ. 5ರ ಬಡ್ಡಿ ತಪ್ಪದಂತೆ ನೋಡಿಕೊಳ್ಳುವ ಹೊಣೆ ಸಂಸ್ಥಾನದ ಬೊಕ್ಕಸದ್ದು, ಅಂದರೆ ರೈತನ ಕಂದಾಯದ್ದು. ಹಳಿಯನ್ನು ಚಾಂದಾ ಕಡೆಗೆ ಒಯ್ಯುವ ಆ ಯೋಜನೆಯ ಷರತ್ತುಗಳನ್ನು ಬಹಿರಂಗಪಡಿಸಿ ಎಂದು ಹೈದರಾಬಾದಿನಲ್ಲಿ ಸಭೆಗಳು ನಡೆದವು. ಮುಂದಾಳುಗಳಲ್ಲೊಬ್ಬರಾದ ಅಘೋರನಾಥ ಚಟ್ಟೋಪಾಧ್ಯಾಯರನ್ನು 1883ರ ಮೇ ತಿಂಗಳಲ್ಲಿ ಸಂಸ್ಥಾನದಿಂದಲೇ ಹೊರಗೆ ಹಾಕಲಾಯಿತು. ಅವರ ಮಗಳಿಗೆ ಆಗ ನಾಲ್ಕು ವರ್ಷ. ಮುಂದೆ ದೇಶ ಆಕೆಯನ್ನು ಸರೋಜಿನಿ ನಾಯ್ಡು ಎಂದು ಬಲ್ಲದು. ಹೈದರಾಬಾದಿನಲ್ಲಿ ಜನ ಸೇರಿ ಸರ್ಕಾರವನ್ನು ಪ್ರಶ್ನಿಸಿದ ಮೊದಲ ಪ್ರಸಂಗಗಳಲ್ಲಿ ಒಂದು ರೈಲಿನ ಲೆಕ್ಕಕ್ಕೆ ಸಂಬಂಧಿಸಿದ್ದು ಎಂಬುದು ನೆನಪಿಡುವಂಥದು.

ಹಳಿ ಆಮೇಲೆ ಪೂರ್ವಕ್ಕೇ ಓಡಿತು. ಸಿಂಗರೇಣಿಯ ಕಲ್ಲಿದ್ದಲು ಕಂಡಿತ್ತು. ವಾರಂಗಲ್ ದಾಟಿ 1889ರಲ್ಲಿ ಬೆಜವಾಡ, ಅಂದರೆ ಈಗಿನ ವಿಜಯವಾಡ ಸೇರಿತು. ಹೈದರಾಬಾದಿನಿಂದ ನಾಂದೇಡ, ಔರಂಗಾಬಾದ್ ಮೇಲೆ ಮನಮಾಡಕ್ಕೆ ಮೀಟರ್‌ಗೇಜ್ ಮಾರ್ಗವೊಂದು ಶತಮಾನ ತಿರುಗುವ ಹೊತ್ತಿಗೆ ಸಿದ್ಧವಾಯಿತು. ಕನ್ನಡ ಜಿಲ್ಲೆಗಳ ಪಾಲಿಗೆ ಬಂದದ್ದು ಮೊದಲಿನ ವಾಡಿ ಮಾರ್ಗವಷ್ಟೇ. ಬೀದರಿನ ಸರದಿ ಬಹಳ ತಡವಾಗಿ ಬಂತು. 1930ರ ಏಪ್ರಿಲ್ 1ರಂದು ಕಂಪನಿಯನ್ನು ನಿಜಾಮ್ ಸರ್ಕಾರ ಕೊಂಡುಕೊಂಡಿತು. ಆ ದಶಕದ ಆರಂಭದಲ್ಲಿ ವಿಕಾರಾಬಾದಿನಿಂದ ಜಹೀರಾಬಾದ್, ಬೀದರ್, ಭಾಲ್ಕಿ, ಉದಗೀರ, ಲಾತೂರ್ ರೋಡ್ ಮುಟ್ಟಿ ಪರಳಿ ವೈಜನಾಥಕ್ಕೆ ಹೋಗುವ ಬ್ರಾಡ್‌ಗೇಜ್ ಮಾರ್ಗ ಓಡತೊಡಗಿತು.

ವಾಯವ್ಯಕ್ಕೆ ಇರುವುದು ಮೂವರಲ್ಲಿ ಚಿಕ್ಕದು. ಆಟ ಕಟ್ಟುವ ಹುಡುಗನಿಗೆ ಬಹುಶಃ ಅದೇ ಎಲ್ಲಕ್ಕಿಂತ ಪ್ರೀತಿಯದಾಗುತ್ತದೆ: ಬಾರ್ಸಿ ಲೈಟ್ ರೈಲ್ವೆ. ಎವರಾರ್ಡ್ ಕ್ಯಾಲ್ಥ್ರಾಪ್ ಎಂಬ ಎಂಜಿನಿಯರ್ ಎರಡೂವರೆ ಅಡಿ ಅಗಲದ ಪುಟ್ಟ ಹಳಿಯ ಮೇಲೂ ದೊಡ್ಡ ಹೊರೆ ಸಾಗಿಸಬಹುದೆಂದು ಹಟ ಹಿಡಿದ. ಒಂದೊಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಹಂಚಿದರೆ ಹಗುರ ಹಳಿಯೇ ಸಾಕು, ಖರ್ಚೂ ಕಡಿಮೆ ಎಂಬುದು ಅವನ ಲೆಕ್ಕ. ಆಗ ಬಾರ್ಸಿ ರೋಡ್ ಎನಿಸಿಕೊಂಡಿದ್ದ ಕುರ್ಡುವಾಡಿಯಿಂದ ಬಾರ್ಸಿಗೆ 1897ರಲ್ಲಿ ಗಾಡಿ ಓಡಿತು, 1911ರಲ್ಲಿ ನಿಜಾಮ್ ಸೀಮೆಯೊಳಗಿನ ಲಾತೂರನ್ನು ಸೇರಿತು. ಬಾರ್ಸಿಯ ಮಾದರಿ ನೋಡಿ ಇಂಗ್ಲೆಂಡಿನಲ್ಲೇ 1904ರಲ್ಲಿ ಅಂಥದೊಂದು ಮಾರ್ಗ ಹುಟ್ಟಿತು. ಹಿಂದೂಸ್ತಾನದ ಹತ್ತಿ ಪೇಟೆಯ ಗಾಡಿ ಇಂಗ್ಲೆಂಡಿಗೆ ಪಾಠ ಹೇಳಿದ ಅಪರೂಪದ ಕಥೆ ಇದು. ಇದೇ ಕ್ಯಾಲ್ಥ್ರಾಪ್ ಮೊದಲ ಮಹಾಯುದ್ಧದ ಕಾಲಕ್ಕೆ ವಿಮಾನದಿಂದ ಧುಮುಕುವವರಿಗಾಗಿ ಪ್ಯಾರಾಚೂಟ್ ತಯಾರಿಸಿದ್ದು ಬೇರೆ ಮಾತು.

‘ರೋಡ್’ ಎಂಬ ಹೆಸರುಗಳು

ಈ ಮೂರೂ ಹಳಿಗಳನ್ನು ಒಂದೇ ಹಾಳೆಯ ಮೇಲೆ ಎಳೆದು ನೋಡಬೇಕು. ಸೊಲ್ಲಾಪುರದಿಂದ ವಾಡಿ, ವಾಡಿಯಿಂದ ವಿಕಾರಾಬಾದ್, ಅಲ್ಲಿಂದ ಬೀದರ್ ಮೇಲೆ ಲಾತೂರ್ ರೋಡ್, ಪಕ್ಕದ ಲಾತೂರಿನಿಂದ ಬಾರ್ಸಿ, ಕುರ್ಡುವಾಡಿ, ಮತ್ತೆ ಸೊಲ್ಲಾಪುರ. ಹೆಚ್ಚುಕಡಿಮೆ ಒಂದು ಬಳೆ. ಬಳೆಯ ನಡುವಿನ ಖಾಲಿ ಜಾಗದಲ್ಲಿ ಆಗ ‘ಕಲ್ಯಾಣಿ’ ಎನಿಸಿಕೊಂಡಿದ್ದ ಬಸವಕಲ್ಯಾಣ ಮತ್ತು ಹುಮನಾಬಾದ್. ಮೂವತ್ತರ ದಶಕದಲ್ಲಿ ಭಾಲ್ಕಿಗೆ ಹಳಿ ಬರುವವರೆಗೆ ಕಲ್ಯಾಣದವರಿಗೆ ನೇರ ಗೆರೆಯಲ್ಲಿ ಕಲಬುರಗಿ ಅರವತ್ತು ಕಿ.ಮೀ., ಲಾತೂರು ಎಪ್ಪತ್ತು. ಎತ್ತಿನ ಗಾಡಿಗೆ ಎರಡು ಮೂರು ದಿನದ ದಾರಿ.

ನಕ್ಷೆಯಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಾರ್ಸಿ ರೋಡ್, ಅಕ್ಕಲಕೋಟೆ ರೋಡ್, ಗಾಣಗಾಪುರ ರೋಡ್, ಮಳಖೇಡ ರೋಡ್, ಲಾತೂರ್ ರೋಡ್. ರೈಲ್ವೆಯ ಭಾಷೆಯಲ್ಲಿ ಹೆಸರಿನ ಕೊನೆಗೆ ‘ರೋಡ್’ ಬಂತೆಂದರೆ ಊರು ಇನ್ನೂ ದೂರವಿದೆ, ಇಲ್ಲಿ ಇಳಿದು ಬೇರೆ ಗಾಡಿ ಹಿಡಿಯಿರಿ ಎಂದರ್ಥ. ದತ್ತಾತ್ರೇಯನ ದರ್ಶನಕ್ಕೆ ಗಾಣಗಾಪುರ ರೋಡಿನಲ್ಲಿ ಇಳಿದವರು ಊರು ಎಲ್ಲಿ ಎಂದು ಹುಡುಕಿದ್ದುಂಟು. ಹಳಿ ಊರಿಗಾಗಿ ಬಾಗಲಿಲ್ಲ, ಹೆಸರು ಮಾತ್ರ ಕೊಟ್ಟು ಮುಂದೆ ಹೋಯಿತು. ಅಂಥ ಹೆಸರಿನ ಮರ್ಯಾದೆಯೂ ಕಲ್ಯಾಣಕ್ಕೆ ದಕ್ಕಲಿಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟಕ್ಕೆ ‘ಮಳಖೇಡ ರೋಡ್’ ಆದರೂ ಸಿಕ್ಕಿತು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚಾಲುಕ್ಯರು ಆ ಮಾನ್ಯಖೇಟವನ್ನು ಬಿಟ್ಟು ರಾಜಧಾನಿ ಮಾಡಿಕೊಂಡ ಕಲ್ಯಾಣಕ್ಕೆ ಏನೂ ಸಿಗಲಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಾಶ್ಮೀರದ ಬಿಲ್ಹಣ ಕವಿಯನ್ನೂ ತನ್ನತ್ತ ಸೆಳೆದ ಊರಿದು.

ಹೀಗೇಕಾಯಿತು? ನಿಜಾಮರಿಗೆ ಕನ್ನಡದವರ ಮೇಲೆ ತಾತ್ಸಾರ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ನಕ್ಷೆ ಅದಕ್ಕಿಂತ ಜಟಿಲ. ಸೊಲ್ಲಾಪುರದಿಂದ ಹೈದರಾಬಾದಿಗೆ ಹಳೆಯ ಹೆದ್ದಾರಿ ನಳದುರ್ಗ, ಉಮರಗಾ, ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗುತ್ತದೆ. ರಸ್ತೆಯಲ್ಲಿ ದೂರ ಮುನ್ನೂರು ಕಿ.ಮೀ.ಗಿಂತ ತುಸು ಹೆಚ್ಚು. ರೈಲಿನಲ್ಲಿ ವಾಡಿ ಸುತ್ತಿ ಹೋದರೆ 335ರ ಆಸುಪಾಸು. ಮುಂಬೈ-ಮದ್ರಾಸ್ ಹಳಿ ಹೇಗೂ ವಾಡಿಯ ಮೇಲೆ ಹೋಗುತ್ತಿತ್ತು. ಅಲ್ಲಿಂದ ಒಂದು ಕವಲು ಎಳೆದರೆ ಹೈದರಾಬಾದಿಗೆ ಸಂಪರ್ಕ ಸಿಗುತ್ತಿತ್ತು. ಮೂವತ್ತು ಕಿ.ಮೀ. ಉಳಿಸಲು ಹುಮನಾಬಾದ್ ಮೇಲೆ ಮುನ್ನೂರು ಕಿ.ಮೀ. ಹೊಸ ಹಳಿ ಹಾಕಲು ಯಾವ ಲೆಕ್ಕಿಗನೂ ಒಪ್ಪುವುದಿಲ್ಲ. ಬೀದರ್ ಮಾರ್ಗದ ಗುರಿ ಮರಾಠವಾಡದ ಪೇಟೆಗಳು, ಅದು ಉತ್ತರಕ್ಕೆ ತಿರುಗಿತು. ಬಾರ್ಸಿಯ ಗಾಡಿ ಲಾತೂರಿನ ಹತ್ತಿಯನ್ನು ಮುಂಬೈ ದಿಕ್ಕಿಗೆ ಒಯ್ಯಲು ಬಂದದ್ದು, ಪೂರ್ವಕ್ಕೆ ಅದರ ಕೆಲಸವಿರಲಿಲ್ಲ. ಮೂವರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ. ಮೂರು ಸರಿಯಾದ ಲೆಕ್ಕಗಳ ನಡುವೆ ಕಲ್ಯಾಣ ಬಿಟ್ಟುಹೋಯಿತು. ಇದಕ್ಕೆ ಆಡಳಿತದ ಹರಿದ ಚಿಂದಿಯೂ ಕಾರಣವಾಗಿರಬಹುದು. ಕಲ್ಯಾಣ ಆಗ ನವಾಬನೊಬ್ಬನ ಜಾಗೀರು, ಪಕ್ಕದ ಚಿಟಗುಪ್ಪ ಪಾಯಗಾ ಅಮೀರರದ್ದು. ಹಳಿಗಾಗಿ ದಿವಾನಿ ದರಬಾರಿನಲ್ಲಿ ಒತ್ತಿ ಹೇಳುವ ಗಟ್ಟಿ ದನಿ ಈ ಕಡೆಯಿಂದ ಕೇಳಿಬಂದಂತಿಲ್ಲ.

ರೈಲಿಲ್ಲದ ಕಡೆ ಬಸ್ಸು ಎಂಬ ಉಪಾಯವನ್ನು ನಿಜಾಮ್ ರೈಲ್ವೆಯೇ ಕಂಡುಕೊಂಡಿತು. ಅದರ ರಸ್ತೆ ಸಾರಿಗೆ ವಿಭಾಗ 1932ರಲ್ಲಿ 27 ಬಸ್ಸುಗಳೊಡನೆ ಆರಂಭವಾಯಿತು. ಇಂದಿನ ತೆಲಂಗಾಣ, ಆಂಧ್ರಗಳ ಸರ್ಕಾರಿ ಬಸ್ ಸಂಸ್ಥೆಗಳ ಬೇರು ಅಲ್ಲಿದೆ. ಆದರೆ ರೈಲಿನ ಆಟದಲ್ಲಿ ಬಸ್ಸು ಓಡಿಸಲು ಬರುವುದಿಲ್ಲವಲ್ಲ!

ಗುಂಡು ಕೈಗೆ ಬರುವವರೆಗೆ

ಹಾಗೆಂದು ಈ ಜಾಲ ಆಟಕ್ಕೆ ಸಪ್ಪೆಯಲ್ಲ. ವಿಕಾರಾಬಾದ್-ಪರಳಿ ಮಾರ್ಗವನ್ನೇ ತೆಗೆದುಕೊಳ್ಳಿ. ಒಂಟಿ ಹಳಿ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಗತಿಯೇನು ಎಂಬ ಪ್ರಶ್ನೆಗೆ ರೈಲ್ವೆ ಕಂಡುಕೊಂಡ ಉತ್ತರ ಟೋಕನ್. ಎರಡು ನಿಲ್ದಾಣಗಳಲ್ಲಿ ತಂತಿಯಿಂದ ಕೂಡಿಸಿದ ಎರಡು ಯಂತ್ರಗಳಿರುತ್ತವೆ. ಇಲ್ಲಿಯ ಸ್ಟೇಷನ್ ಮಾಸ್ತರ ಗಂಟೆ ಬಾರಿಸಿ ಅಲ್ಲಿಯವನ ಒಪ್ಪಿಗೆ ಪಡೆದರೆ ಮಾತ್ರ ಯಂತ್ರದಿಂದ ಒಂದು ಉಕ್ಕಿನ ಗುಂಡು ಹೊರಬೀಳುತ್ತದೆ. ಆ ಗುಂಡು ಮರಳಿ ಯಂತ್ರದೊಳಗೆ ಬೀಳುವವರೆಗೆ ಎರಡೂ ಕಡೆ ಇನ್ನೊಂದು ಹೊರಬರುವುದಿಲ್ಲ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬಳೆಗೆ ಕಟ್ಟಿ ಎತ್ತಿ ಹಿಡಿದರೆ ಓಡುವ ಎಂಜಿನ್ನಿನಿಂದಲೇ ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಾರೆ. ಗುಂಡು ಕೈಯಲ್ಲಿಲ್ಲದೆ ಚಾಲಕ ಮುಂದಿನ ಹಳಿಗೆ ಗಾಲಿ ಇಡುವಂತಿಲ್ಲ. ಎದುರಿನ ಗಾಡಿ ತಡವಾದರೆ ನಿಲ್ದಾಣದ ಪಕ್ಕದ ಹಳಿಯಲ್ಲಿ ಕಾಯುವುದೇ ಕೆಲಸ. ಈ ಕಾಯುವಿಕೆಯನ್ನು ಆಟದಲ್ಲಿ ಸರಿಯಾಗಿ ತಂದರೆ ಆ ಕಾಲದ ಪ್ರಯಾಣ ಹೇಗಿತ್ತೆಂಬುದು ಪುಸ್ತಕಕ್ಕಿಂತ ಚೆನ್ನಾಗಿ ತಿಳಿದೀತು.

ಮಳಿಗೆ ತುಂಬುವ ಕೆಲಸಕ್ಕೂ ಕೊರತೆಯಿಲ್ಲ. ಶಹಾಬಾದಿನಿಂದ ಕಲ್ಲು, ಸಿಂಗರೇಣಿಯಿಂದ ಎಂಜಿನ್ನಿನ ಹೊಟ್ಟೆಗೆ ಕಲ್ಲಿದ್ದಲು, ಉದಗೀರ, ಲಾತೂರುಗಳ ಪೇಟೆಯಿಂದ ಹತ್ತಿ, ಕಲಬುರಗಿ ಸೀಮೆಯ ತೊಗರಿ. ನಿಜಾಮ್ ರೈಲ್ವೆಯ ಎಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದ ಸಿಕಂದರಾಬಾದಿನ ಲಾಲಾಗುಡಾ ಕಾರ್ಯಾಗಾರ 1893ರಿಂದ ಇದೆ.

ಆಟಕ್ಕೆ ಸಿಗದ ಸಂಗತಿಗಳೂ ಈ ಹಳಿಯ ಮೇಲೆ ನಡೆದಿವೆ. ರಜಾಕಾರರ ಕಾಲದಲ್ಲಿ, 1948ರ ಮೇ ತಿಂಗಳಲ್ಲಿ, ಗಾಣಗಾಪುರ ನಿಲ್ದಾಣದಲ್ಲಿ ಮುಂಬೈ-ಮದ್ರಾಸ್ ಮಾರ್ಗದ ಮೇಲ್ ಗಾಡಿಯ ಮೇಲೆ ದಾಳಿ ನಡೆಯಿತು. ಅದೇ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದಿಗೆ ಹೊರಟಾಗ ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ಮುಖ್ಯ ಪಡೆ ಸೊಲ್ಲಾಪುರದಿಂದ ಹಿಡಿದದ್ದು ರೈಲು ದಾರಿಯನ್ನಲ್ಲ. ನಳದುರ್ಗ, ರಾಜೇಶ್ವರ, ಹುಮನಾಬಾದ್, ಜಹೀರಾಬಾದಿನ ಆ ಹಳೆಯ ರಸ್ತೆಯನ್ನು. ರೈಲು ಕಡೆಗಣಿಸಿದ ದಾರಿಯೇ ನೇರ ದಾರಿ ಎಂಬುದನ್ನು ಸೈನ್ಯದ ನಕ್ಷೆ ಮರೆತಿರಲಿಲ್ಲ.

ಆಮೇಲೆ ಒಡೆಯರು ಬದಲಾದರು. 1951ರಲ್ಲಿ ಜಿಐಪಿ ಮತ್ತು ನಿಜಾಮ್ ರೈಲ್ವೆಗಳು ಸೇರಿ ಮಧ್ಯ ರೈಲ್ವೆಯಾದವು. ಬಾರ್ಸಿ ಕಂಪನಿಯನ್ನು ಸರ್ಕಾರ ಕೊಂಡದ್ದು 1954ರಲ್ಲಿ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಜಹೀರಾಬಾದ್ ಆಂಧ್ರಕ್ಕೆ, ಉದಗೀರ ಮುಂಬೈ ರಾಜ್ಯಕ್ಕೆ, ಬೀದರ್, ಭಾಲ್ಕಿ, ಹುಮನಾಬಾದ್, ಕಲ್ಯಾಣ ಮೈಸೂರಿಗೆ. ಒಂದೇ ಜಿಲ್ಲೆಯ ಹಳಿ ಮೂರು ರಾಜ್ಯಗಳ ಹಳಿಯಾಯಿತು. 1966ರಲ್ಲಿ ಸಿಕಂದರಾಬಾದ್ ಕೇಂದ್ರವಾಗಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಬೀದರ್ ಅದರ ಪಾಲಾಯಿತು. ಕಲಬುರಗಿ ಸೊಲ್ಲಾಪುರ ವಿಭಾಗದಲ್ಲಿ, ಮುಂಬೈಯ ಮಧ್ಯ ರೈಲ್ವೆಗೆ ಸೇರಿದೆ. ಪಕ್ಕಪಕ್ಕದ ಎರಡು ಕನ್ನಡ ಜಿಲ್ಲೆಗಳು. ಒಂದರ ಅರ್ಜಿ ಸಿಕಂದರಾಬಾದಿಗೆ, ಇನ್ನೊಂದರದು ಮುಂಬೈಗೆ. ಕಲಬುರಗಿಗೇ ಒಂದು ವಿಭಾಗ ಬರಲಿ ಎಂಬ ಕೂಗಿಗೆ 2014ರಲ್ಲಿ, ಮಲ್ಲಿಕಾರ್ಜುನ ಖರ್ಗೆ ರೈಲ್ವೆ ಮಂತ್ರಿಯಾಗಿದ್ದಾಗ, ಘೋಷಣೆಯೇನೋ ಬಂತು. ವರ್ಷಗಳು ಉರುಳಿದರೂ ಕಚೇರಿ ತೆರೆಯಲಿಲ್ಲ.

ಬೀದರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕೆನ್ನುವವರು ವಿಕಾರಾಬಾದಿಗೆ ಹೋಗಿ, ವಾಡಿಗೆ ಬಂದು, ಮತ್ತೆ ಹಿಂತಿರುಗಿ ಕಲಬುರಗಿ ಸೇರಬೇಕಿತ್ತು. ಒಟ್ಟು ಸುಮಾರು 240 ಕಿ.ಮೀ. ರಸ್ತೆಯಲ್ಲಿ ಅದರ ಅರ್ಧವೂ ಇಲ್ಲ. ಹೀಗಿರುವಾಗ ಯಾರು ರೈಲು ಹತ್ತುತ್ತಾರೆ? 1997-98ರಲ್ಲಿ ಬೀದರ್-ಕಲಬುರಗಿ ನೇರ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿತು. ಉದ್ದ 110 ಕಿ.ಮೀ. ಬೀದರಿನ ಆಚೆ ಖಾನಾಪುರದಲ್ಲಿ ನಿಜಾಮರ ಹಳಿಯಿಂದ ಕವಲೊಡೆದು ಹಳ್ಳಿಖೇಡ, ಹುಮನಾಬಾದ್, ಕಮಲಾಪುರದ ಮೇಲೆ ಅದು ಜಿಐಪಿಯ ಹಳಿಯನ್ನು ಕೂಡುತ್ತದೆ. ಬೀದರಿನ ಕೆಂಪು ಕಲ್ಲಿನ ಪ್ರಸ್ಥಭೂಮಿಯಿಂದ ಕಲಬುರಗಿಯ ಕರಿನೆಲಕ್ಕೆ ಸುಮಾರು ಇನ್ನೂರು ಮೀಟರ್ ಇಳಿಯಬೇಕು, ಅದಕ್ಕಾಗಿ ಮರಗುತ್ತಿ ಬಳಿ ಒಂದೂವರೆ ಕಿ.ಮೀ.ಗೂ ಉದ್ದದ ಸುರಂಗ. ಮಂಜೂರಾದಾಗ ನಾನೂರು ಕೋಟಿಯ ಒಳಗಿದ್ದ ಅಂದಾಜು, ಮುಗಿಯುವ ಹೊತ್ತಿಗೆ ಸಾವಿರದ ಐನೂರು ಕೋಟಿ ದಾಟಿತ್ತು. ಪ್ರಧಾನಿ ನರೇಂದ್ರ ಮೋದಿ 2017ರ ಅಕ್ಟೋಬರ್ 29ರಂದು ಗಾಡಿಗೆ ಹಸಿರು ಬಾವುಟ ತೋರಿದರು. ಒಂದು ಸುರಂಗ, ನೂರಹತ್ತು ಕಿ.ಮೀ. ಹಳಿ, ಇಪ್ಪತ್ತು ವರ್ಷ. ವಾಡಿ-ಸಿಕಂದರಾಬಾದಿನ 185 ಕಿ.ಮೀ.ಗೆ ಹೈದರಾಬಾದ್ ಸಂಸ್ಥಾನಕ್ಕೆ ಇಷ್ಟು ಕಾಲ ಹಿಡಿದಿರಲಿಲ್ಲ.

ವೀರಭದ್ರೇಶ್ವರನ ಜಾತ್ರೆಗೆ, ಮಾಣಿಕನಗರದ ಪ್ರಭುಗಳ ದರ್ಶನಕ್ಕೆ ಬರುವವರು ಈಗ ಹುಮನಾಬಾದಿನಲ್ಲಿ ಇಳಿಯಬಹುದು. ಕಲ್ಯಾಣಕ್ಕೆ ಹೋಗುವವರು ಹುಮನಾಬಾದಿನಲ್ಲೋ ಭಾಲ್ಕಿಯಲ್ಲೋ ಇಳಿದು ಬಸ್ಸು ಹಿಡಿಯಬೇಕು. ಹೆದ್ದಾರಿಯಿಂದ ಊರಿಗೆ ತಿರುಗುವ ಜಾಗ ಸಸ್ತಾಪುರ ಬಂಗ್ಲಾ. ರೈಲ್ವೆಯವರ ರೂಢಿಯಂತೆ ಹುಮನಾಬಾದಿಗೇ ‘ಕಲ್ಯಾಣ ರೋಡ್’ ಎಂದು ಹೆಸರಿಟ್ಟರೂ ತಪ್ಪಿಲ್ಲ. 2012ರಲ್ಲಿ ಬಸವಣ್ಣನವರ 108 ಅಡಿ ಎತ್ತರದ ಪ್ರತಿಮೆ ಇಲ್ಲಿ ಎದ್ದು ನಿಂತಿತು. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ ಬಂತು. ಈ ಭಾಗದ ಏಳೂ ಜಿಲ್ಲಾ ಕೇಂದ್ರಗಳಲ್ಲಿ ರೈಲು ನಿಲ್ದಾಣವಿದೆ, ಹೆಸರು ಕೊಟ್ಟ ಊರಿನಲ್ಲಿಲ್ಲ. ತಮ್ಮೂರಿನ ಮೇಲೆ ಹಳಿ ಬರಲಿ ಎಂಬ ಮನವಿಗಳು ಬಸವಕಲ್ಯಾಣದಿಂದ ಹೋಗುತ್ತಲೇ ಇವೆ.

ಆಟ ಕಟ್ಟುವ ಹುಡುಗನಿಗೆ ಒಂದು ಆಸೆ ಕಾಡದಿರದು. ಮೌಸ್ ಎಳೆದರೆ ಹಳಿ ಬೀಳುತ್ತದೆ. ಭೂಸ್ವಾಧೀನ ಬೇಡ, ಬಜೆಟ್ ಬೇಡ, ಸಿಕಂದರಾಬಾದ್ ಮುಂಬೈಗಳ ಅಪ್ಪಣೆ ಬೇಡ. ಭಾಲ್ಕಿಯಿಂದಲೋ ಹುಮನಾಬಾದಿನಿಂದಲೋ ಒಂದು ಕವಲು ಎಳೆದು, ಕೋಟೆಯ ಎದುರು ಶಹಾಬಾದ್ ಕಲ್ಲಿನ ಪುಟ್ಟ ನಿಲ್ದಾಣ ಕಟ್ಟಿ, ‘ಕಲ್ಯಾಣಿ’ ಎಂದು ಫಲಕ ಹಾಕಿ, 1938ರ ಉಗಿಬಂಡಿಯನ್ನು ತಂದು ನಿಲ್ಲಿಸುವುದು ಒಂದು ಸಂಜೆಯ ಕೆಲಸ. ಇಂಥ ಕಾಲ್ಪನಿಕ ಮಾರ್ಗಗಳನ್ನು ಕಟ್ಟಿದವರು ಬೇರೆ ದೇಶಗಳಲ್ಲಿ ಬೇಕಾದಷ್ಟಿದ್ದಾರೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ಅದಕ್ಕೆ ‘ಐತಿಹಾಸಿಕ’ ಎಂಬ ಚೀಟಿ ಅಂಟಿಸಿದರೆ ತೊಂದರೆ. ಹಳೆಯ ನಕ್ಷೆಯನ್ನು ಎಂದೂ ನೋಡದ ಮಕ್ಕಳು ಆಟದ ನಕ್ಷೆಯನ್ನೇ ನಂಬುತ್ತಾರೆ. ನಿಜಾಮರ ಕಾಲದಲ್ಲಿ ಕಲ್ಯಾಣಕ್ಕೆ ಗಾಡಿ ಓಡುತ್ತಿತ್ತಂತೆ, ಆಮೇಲೆ ನಿಂತುಹೋಯಿತಂತೆ ಎಂಬ ಮಾತು ಹುಟ್ಟಲು ಹೆಚ್ಚು ದಿನ ಬೇಡ. ಬಾರದೇ ಇದ್ದ ರೈಲಿಗೆ ನಿಂತುಹೋದ ರೈಲಿನ ಗೌರವ ಸಿಕ್ಕರೆ, ಬಾರದ್ದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಇದ್ದ ಹಾಗೇ ಕಟ್ಟಿದರೆ ಇನ್ನೊಂದು ತೊಡಕು. ಮೈಕ್ರೋಸಾಫ್ಟಿನ ಆ ಆಟದಲ್ಲಿ ನೆಲವನ್ನು 2,048 ಮೀಟರ್ ಉದ್ದಗಲದ ಚೌಕಗಳಾಗಿ ಜೋಡಿಸುತ್ತಾರೆ. ಕಂಪ್ಯೂಟರಿಗೆ ಭಾರವಾಗದಿರಲೆಂದು ಹಳಿ ಹಾದುಹೋಗುವ ಚೌಕಗಳನ್ನೂ ಅವುಗಳ ಅಕ್ಕಪಕ್ಕದ ಕೆಲವನ್ನೂ ಮಾತ್ರ ತುಂಬುವುದು ರೂಢಿ. 2017ರ ಹಳಿಯನ್ನು ಸೇರಿಸಿಕೊಂಡರೂ ಬಸವಕಲ್ಯಾಣ ಹುಮನಾಬಾದ್ ನಿಲ್ದಾಣದಿಂದ ವಾಯವ್ಯಕ್ಕೆ ಹತ್ತು ಹನ್ನೊಂದು ಚೌಕಗಳಷ್ಟು ಆಚೆ. ಚಾಲಕನ ಕಿಟಕಿಯಿಂದ ಆ ಕಡೆ ನೋಡಿದರೆ ಊರಿಲ್ಲ, ಕೋಟೆಯಿಲ್ಲ, ಪ್ರತಿಮೆಯಿಲ್ಲ. ನೆಲ ಅಲ್ಲಿಗಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ.